ಹಲ್ಲು ನೋಡಿ ಪ್ರೊಸೆಸರ್ ಕೊಂಡದ್ದು

ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ 2004ರ ಅಕ್ಟೋಬರ್‌ನಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಒಂದು ಸಮ್ಮೇಳನದ ವೇದಿಕೆಯ ಮೇಲೆ ಮಂಡಿಯೂರಿ ಕ್ಷಮೆ ಕೇಳಿದರು. ಅರ್ಧ ತಮಾಷೆಗೇ ಊರಿದ್ದು. ಆದರೂ ಮಂಡಿ ಮಂಡಿಯೇ. ಅವರ ಅಪರಾಧ ಇಷ್ಟು: 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಪ್ರೊಸೆಸರ್ ಕೊಡುತ್ತೇವೆ ಅಂದಿದ್ದರು, ಆಗಲಿಲ್ಲ. 3.8ಕ್ಕೆ ಬಂದು ಗಾಡಿ ನಿಂತುಬಿಟ್ಟಿತು. ನಮ್ಮಲ್ಲಿ ಕಟ್ಟಿ ವರ್ಷ ತುಂಬದ ಸೇತುವೆ ಕುಸಿದರೂ ಯಾರೂ ಮಂಡಿಯೂರುವ ಪದ್ಧತಿಯಿಲ್ಲ. ಅಲ್ಲಿ 0.2ಕ್ಕೆ ಊರಿದರು. ಆ ಕಾಲದಲ್ಲಿ ಗಿಗಾಹರ್ಟ್ಸ್‌ಗೆ ಅಷ್ಟು ಮರ್ಯಾದೆ ಇತ್ತು.

ಟ್ರಾನ್ಸಿಸ್ಟರು ಕಿರಿದಾದಷ್ಟೂ ಕಡಿಮೆ ವೋಲ್ಟೇಜಿನಲ್ಲಿ ಓಡುತ್ತದೆ, ಆದ್ದರಿಂದ ವೇಗ ಹೆಚ್ಚಿಸಿದರೂ ಬಿಸಿ ಏರುವುದಿಲ್ಲ ಎಂದು ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಲೆಕ್ಕ ಹಾಕಿಕೊಟ್ಟಿದ್ದರು. ಮೂವತ್ತು ವರ್ಷ ಇಡೀ ಉದ್ಯಮ ಆ ಲೆಕ್ಕದ ಮೇಲೆ ಊಟ ಮಾಡಿತು. ಆಮೇಲೆ ಟ್ರಾನ್ಸಿಸ್ಟರು ಎಷ್ಟು ಕಿರಿದಾಯಿತೆಂದರೆ, ಸ್ವಿಚ್ ಆರಿಸಿದರೂ ಕರೆಂಟು ಸೋರತೊಡಗಿತು. ವೋಲ್ಟೇಜನ್ನು ಇನ್ನು ಇಳಿಸುವಂತಿರಲಿಲ್ಲ, ವೇಗ ಏರಿಸಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ಆಗ ಎಲ್ಲರೂ ಒಂದು ಕೋರ್ ಬಿಟ್ಟು ಎರಡು ಕೋರ್, ನಾಲ್ಕು ಕೋರ್ ಅಂತ ಅಗಲಕ್ಕೆ ಬೆಳೆಯಲು ಹೊರಟರು.

ಬ್ಯಾರೆಟ್ ತೀರಿಸಲಾಗದ ಹರಕೆಯನ್ನು ಇಂಟೆಲ್ ತೀರಿಸಿದ್ದು ಸುಮಾರು ಹತ್ತು ವರ್ಷದ ಮೇಲೆ, 2014ರ ಜೂನ್‌ನಲ್ಲಿ. ಕೋರ್ ಐ7-4790ಕೆ. ಡೆವಿಲ್ಸ್ ಕ್ಯಾನ್ಯನ್ ಎಂಬ ಅಡ್ಡಹೆಸರು, 22 ನ್ಯಾನೋಮೀಟರ್, ನಾಲ್ಕು ಕೋರ್, ಎಂಟು ಥ್ರೆಡ್, 88 ವ್ಯಾಟ್. ಮಾಮೂಲಿ ವೇಗವೇ 4.0 ಗಿಗಾಹರ್ಟ್ಸ್, ಟರ್ಬೊ ಹಿಡಿದರೆ 4.4. ಆ ಅಂಕಿಯನ್ನು ಎಎಂಡಿಯವರ ಎಫ್‌ಎಕ್ಸ್ ಅದಕ್ಕೂ ಮೊದಲೇ ಮುಟ್ಟಿತ್ತು ಎಂದು ಎಎಂಡಿ ಪಕ್ಷದವರು ಈ ಸಾಲಿಗೆ ಬಂದೊಡನೆ ತಕರಾರು ತೆಗೆಯುತ್ತಾರೆ. ಮುಟ್ಟಿತ್ತು, ನಿಜ. ಆದರೆ ಓಟದಲ್ಲಿ ಹಿಂದೆ ಬಿದ್ದಿತ್ತು.

ನಾನು 4790ಕೆ ಕೊಂಡಾಗ ಬೆಂಗಳೂರಿನ ವಿಜಯನಗರದ ಒಂದು ಬಾಡಿಗೆ ರೂಮಿನಲ್ಲಿ ನಾಲ್ಕು ಜನ ಇದ್ದೆವು. ನಾಲ್ವರಿಗೂ ಕೆಲಸವಿತ್ತು, ಯಾರಿಗೂ ಮದುವೆಯಾಗಿರಲಿಲ್ಲ. ಸಂಬಳದ ದೊಡ್ಡ ಭಾಗ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುತ್ತಿತ್ತು. ರಾತ್ರಿ ಊಟ ಮುಗಿಸಿ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿ (ನಾವು ಸೆಕೆಯಲ್ಲಿ ಬೇಯುತ್ತ), ಬಯಾಸ್‌ನಲ್ಲಿ ಗುಣಕವನ್ನು 44ರಿಂದ 45 ಮಾಡುವುದು, ಮತ್ತೆ ಚಾಲೂ ಮಾಡುವುದು, ಉಸಿರು ಬಿಗಿಹಿಡಿದು ವಿಂಡೋಸ್ ಬರುವುದನ್ನು ಕಾಯುವುದು. ಬಂದರೆ 46. ನೀಲಿ ಪರದೆ ಬಂದರೆ ವೋಲ್ಟೇಜು ಒಂದು ಕೂದಲೆಳೆ ಏರಿಸುವುದು. ಏರಿಸಿದ ವೋಲ್ಟೇಜಿನ ವರ್ಗದಷ್ಟು ಬಿಸಿ ಏರುತ್ತದೆ ಎಂಬುದನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಬೆರಳಿಗೆ ಅರ್ಥವಾದದ್ದು ಆ ರೂಮಿನಲ್ಲಿ.

ಹೀಗೆ ಮುಟ್ಟಿದ 4.7 ಗಿಗಾಹರ್ಟ್ಸ್‌ನಲ್ಲಿ ನೀವು ಮಾಡುತ್ತಿದ್ದದ್ದೇನು ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ. ವೇಗ ಹೆಚ್ಚಿದೆಯೇ ಎಂದು ಅಳೆಯುವ ತಂತ್ರಾಂಶಗಳನ್ನು ಓಡಿಸುತ್ತಿದ್ದೆವು. ಅಳೆದು, ಅಂಕಿ ನೋಡಿ, ಮಲಗುತ್ತಿದ್ದೆವು. ಅವುಗಳಲ್ಲಿ ಪ್ರೈಮ್95 ಎಂಬುದು ಎರಡರ ಘಾತದಲ್ಲಿ ಒಂದು ಕಳೆದರೆ ಬರುವ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಗಣಿತದ ಗೀಳಿನವರು ಮಾಡಿಕೊಂಡದ್ದು. ಅದರ ಲೆಕ್ಕ ಪ್ರೊಸೆಸರಿನ ಬೆವರಿಳಿಸುತ್ತದೆ ಎಂದು ಗೊತ್ತಾದದ್ದೇ ತಡ, ಲೋಕದಲ್ಲಿ ಹೀಗೆ ವೇಗ ಏರಿಸುವ ಓವರ್‌ಕ್ಲಾಕರುಗಳೆಲ್ಲ ಅದನ್ನು ಚಿತ್ರಹಿಂಸೆಯ ಸಾಧನವಾಗಿ ಬಳಸಿದರು. ನಮ್ಮ ರೂಮಿನಲ್ಲಿ ಅದು ಎಷ್ಟೋ ರಾತ್ರಿ ಓಡಿತು. ಒಂದು ಅವಿಭಾಜ್ಯ ಸಂಖ್ಯೆಯೂ ಸಿಗಲಿಲ್ಲ.

ಆ ಪ್ರೊಸೆಸರು ಈಗಲೂ ನಮ್ಮ ಮನೆಯ ಮೂಲೆಯಲ್ಲಿ ಓಡುತ್ತಿದೆ. ಇದು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನಿಗೆ ಗೊತ್ತಾಗಿ, ಅವನು ಒಂದು ಭಾನುವಾರ ಬಂದು ಕೇಳಿದ: "ಅಂಕಲ್, ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ 4790ಕೆ ಇದೆಯಂತೆ. ನೋಡಿಕೊಡ್ತೀರಾ?"

ಹಾಗೆ ಕೇಳಿಸಿಕೊಳ್ಳುವ ಸುಖವೇ ಬೇರೆ. ಕಣ್ಣಿನ ಆಪರೇಷನ್‌ಗೆಂದು ದೊಡ್ಡಬಳ್ಳಾಪುರದ ಕಡೆಯಿಂದ ಬಂದು ನಮ್ಮ ಮನೆಯಲ್ಲಿದ್ದ ಸೋದರಮಾವ ತಾನೂ ಬರುತ್ತೇನೆ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡ. ಅವನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು, ಸುಳಿ ನೋಡಿ ಹಳ್ಳಿಕಾರ್ ಎತ್ತುಗಳನ್ನು ಆರಿಸಿಕೊಡುವುದರಲ್ಲಿ ಒಂದು ಕಾಲಕ್ಕೆ ಹೆಸರುವಾಸಿ. ಹತ್ತು ಹಳ್ಳಿಯವರು ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

ಟೌನ್‌ಹಾಲ್ ಹತ್ತಿರ ಇಳಿದು ನಡೆದೆವು. ಕೀಬೋರ್ಡುಗಳ ರಾಶಿ, ಕೇಬಲ್ಲಿನ ಸಿಂಬೆಗಳು, ಎದುರಿಗೇ ಬರುವ ಸ್ಕೂಟರುಗಳು. ಅಂಗಡಿಯ ಹುಡುಗ ಪ್ಲಾಸ್ಟಿಕ್ ಡಬ್ಬಿ ತೆರೆದು ಪ್ರೊಸೆಸರನ್ನು ನನ್ನ ಅಂಗೈಗಿಟ್ಟ. ಮಾವ ಬಗ್ಗಿ ನೋಡಿದ.

"ಇಷ್ಟೇಯಾ? ಎಷ್ಟು ಹಲ್ಲು?"

"ನಾಲ್ಕು ಕೋರ್ ಮಾವ. ಆದ್ರೆ ಕಂಪ್ಯೂಟರ್‌ಗೆ ಹಾಕಿದ್ರೆ ಎಂಟು ಅಂತ ತೋರ್ಸುತ್ತೆ."

"ಅಂಗಾರೆ ದಲ್ಲಾಳಿ ಕೈಚಳಕ ಐತೆ" ಎಂದು ಮಾವ ತೀರ್ಪು ಕೊಟ್ಟ. ಹೈಪರ್ ಥ್ರೆಡಿಂಗ್ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಹತ್ತಿರ ಬಂದ ವ್ಯಾಖ್ಯಾನವನ್ನು ನಾನು ಬೇರೆಲ್ಲೂ ಕೇಳಿಲ್ಲ. ಒಂದು ಕೋರ್ ಬಿಡುವಾಗಿರುವ ಸಂದುಗಳಲ್ಲಿ ಇನ್ನೊಂದು ಕೆಲಸ ತುರುಕಿ ಎರಡು ಕೋರ್ ಇರುವಂತೆ ಕಾಣಿಸುವುದೇ ಅದರ ಗುಟ್ಟು.

ನಾನು ನನ್ನ ಪರೀಕ್ಷೆ ಶುರುಮಾಡಿದೆ. ಮಗುಚಿ ಹಾಕಿ ಚಿನ್ನದ ಬಣ್ಣದ ಚುಕ್ಕೆಗಳಲ್ಲಿ ಸುಟ್ಟ ಕಲೆ ಇದೆಯೇ ನೋಡಿದೆ. ನಡುವೆ ಇರುವ ಕೆಪಾಸಿಟರುಗಳಲ್ಲಿ ಒಂದೂ ಉದುರಿರಲಿಲ್ಲ. ಹಿಂದಿನ 4770ಕೆಗಿಂತ ಇದರಲ್ಲಿ ಅವು ಹೆಚ್ಚು, ಕರೆಂಟು ಸಮನಾಗಿ ಹರಿಯಲೆಂದು ಕೂರಿಸಿದ್ದು. ಆಮೇಲೆ ಮೇಲಿನ ಲೋಹದ ಮುಚ್ಚಳದ ಅಂಚಿನಲ್ಲಿ ಉಗುರು ಆಡಿಸಿದೆ. ಮುಚ್ಚಳದ ಅಡಿಯಲ್ಲಿ ಇಂಟೆಲ್‌ನವರು ಬೆಸುಗೆಯ ಬದಲು ಪೇಸ್ಟ್ ಹಾಕಿದ್ದರೆಂದು 4770ಕೆ ಕಾಲದಲ್ಲಿ ಜನಕ್ಕೆ ರೋಸಿಹೋಗಿ, ಬ್ಲೇಡಿನಿಂದ ಕತ್ತರಿಸಿ ಮುಚ್ಚಳ ಎಬ್ಬಿಸುವ ಹುಚ್ಚು ಹತ್ತಿತ್ತು. 4790ಕೆಗೆ ಅದಕ್ಕಿಂತ ಉತ್ತಮ ಪೇಸ್ಟ್ ಬಂತು. ಆದರೂ ಕತ್ತರಿಸುವವರು ಕತ್ತರಿಸಿದರು. ಇದರ ಮುಚ್ಚಳ ಹುಟ್ಟಿದಾಗಿನದೇ.

"ಮೈ ಮೇಲೇನೋ ಬರ್ದೈತೆ" ಎಂದ ಮಾವ.

ಬರೆದಿದ್ದದ್ದು ತಯಾರಾದ ದೇಶ. ಮಲೇಷಿಯಾ. ನಮ್ಮ ರೂಮಿನ ಶಾಸ್ತ್ರದ ಪ್ರಕಾರ ಕೋಸ್ಟಾರಿಕಾದ್ದು ಮನೆಗೆ ಶ್ರೇಯಸ್ಸು, ಮಲೇಷಿಯಾದ್ದು ಬಿಸಿ. ಇದಕ್ಕೆ ಆಧಾರವೇನೆಂದು ಯಾರೂ ಕೇಳಿರಲಿಲ್ಲ. ಮಾವನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಹಣೆಯ ಸುಳಿ, ಬೆನ್ನ ಸುಳಿ, ಮನೆಯೊಡೆಯನನ್ನು ತಿನ್ನುವ ಸುಳಿ ಅಂತ ಅವನ ಬಳಿ ಇನ್ನೂ ದೊಡ್ಡ ಪಟ್ಟಿಯಿತ್ತು.

ಅಂಗಡಿಯವನು ತೆರೆದ ಬೋರ್ಡಿಗೆ ಹಾಕಿ ಓಡಿಸಿದ. ಪ್ರೈಮ್95 ಹಚ್ಚಿ ಎಂದೆ. ಉಷ್ಣತೆ 80 ದಾಟಿತು, 90ಕ್ಕೆ ಹೋಗಿ ನಿಂತಿತು. ಕಂಪನಿಯ ಪುಟಾಣಿ ಫ್ಯಾನ್ ಚೀರುತ್ತಿತ್ತು. 100ರಲ್ಲಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಸಾಯುವುದಿಲ್ಲ. ಪ್ರೊಸೆಸರುಗಳು ಸಾಯುವುದೇ ಅಪರೂಪ. ಅವುಗಳ ಸುತ್ತಲಿನದೆಲ್ಲ ಮೊದಲು ಸಾಯುತ್ತದೆ.

"ಚೆನ್ನಾಗಿದೆ" ಎಂದೆ.

"ತಗೊಳ್ಳಲಾ ಅಂಕಲ್?"

ಇಲ್ಲಿ ನಿಜ ಹೇಳಬೇಕಾಯಿತು. 2022ರಲ್ಲಿ ಬಂದ ಐ3-12100 ಎಂಬ ಕಡಿಮೆ ಬೆಲೆಯ ಪ್ರೊಸೆಸರಿದೆ. ಅದಕ್ಕೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಗರಿಷ್ಠ ವೇಗ 4.3, ಅಂದರೆ ನಮ್ಮದಕ್ಕಿಂತ 0.1 ಕಡಿಮೆ. ಕುಡಿಯುವ ಕರೆಂಟೂ ಕಡಿಮೆ. ಕೆಲಸ ಮಾತ್ರ ಸುಮಾರು ಒಂದೂವರೆ ಪಟ್ಟು. ಒಂದೊಂದು ಗಡಿಯಾರದ ಬಡಿತಕ್ಕೂ ಅದು ಹೆಚ್ಚು ದುಡಿಯುತ್ತದೆ. ಬಡಿತಗಳನ್ನು ಎಣಿಸುತ್ತ ಕೂತವರು ನಾವು. ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ಆ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು, ಇದು ನಾಲ್ಕನೆಯದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕಿಕೊಂಡರೆ ಇನ್ನೂ ಸೊಗಸಾಗಿ ಓಡುತ್ತದೆ. ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ದುಡ್ಡು ಕೊಟ್ಟು ತರುವುದೆಂದರೆ, ಓದುವ ಹುಡುಗನಿಗೆ, ಬೇಡ.

ಇಷ್ಟನ್ನು ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. 1998ರ ಸೆಲೆರಾನ್ 300ಎ, 300 ಮೆಗಾಹರ್ಟ್ಸ್ ಅಂತ ಮಾರಿದ್ದು, ಬಸ್ಸಿನ ವೇಗ 66ರಿಂದ 100ಕ್ಕೆ ಬದಲಿಸಿದರೆ 450ರಲ್ಲಿ ಓಡುತ್ತಿತ್ತು. 2007ರ ಕ್ಯೂ6600 ಹೆಸರಿಗೆ 2.4; ಧೈರ್ಯವಿದ್ದವರು 3.6 ಮಾಡಿದರು. 2011ರ 2600ಕೆ 3.4ರದ್ದು, 4.5ಕ್ಕೆ ಆರಾಮವಾಗಿ ಹೋಗುತ್ತಿತ್ತು. ಎಂಥ ಸೆಕೆಯ ಊರಿನಲ್ಲೂ, ಎಂಥ ಕಳಪೆ ಫ್ಯಾನಿನಡಿಯಲ್ಲೂ ಓಡಲಿ ಎಂದು ಕಂಪನಿ ಒಂದಿಷ್ಟು ಕಸುವನ್ನು ಮುಟ್ಟದೆ ಬಿಟ್ಟಿರುತ್ತಿತ್ತು. ಆ ಮಿಕ್ಕಿದ್ದೇ ನಮ್ಮ ಪಾಲು. 4790ಕೆ ಬರುವ ಹೊತ್ತಿಗೆ ಅದು 4.4ಕ್ಕೂ 4.7ಕ್ಕೂ ನಡುವಿನಷ್ಟಕ್ಕೆ ಇಳಿದಿತ್ತು. ನಾಲ್ಕರ ಹರಕೆ ತೀರಿಸಲು ಕಂಪನಿ ನಮ್ಮ ಪಾಲಿಗೇ ಕೈಹಾಕಿತ್ತು, ನಾವು ಚಪ್ಪಾಳೆ ತಟ್ಟಿದ್ದೆವು. ಈಗಿನವು ತಮ್ಮ ಬಿಸಿಯನ್ನು ತಾವೇ ಕ್ಷಣಕ್ಷಣಕ್ಕೂ ಅಳೆದುಕೊಂಡು ಕೊನೆಯ ಹನಿಯವರೆಗೂ ಓಡುತ್ತವೆ. 2023ರಲ್ಲಿ 6 ಗಿಗಾಹರ್ಟ್ಸ್ ಮುಟ್ಟಿದ ಪ್ರೊಸೆಸರ್ ಬಂತು. ನಮ್ಮ ರೂಮಿನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ದಿನ ಯಾರದೋ ಮಗುವಿನ ನಾಮಕರಣದ ಫೋಟೋ ಇತ್ತು, ಅಷ್ಟೆ.

"ಎಷ್ಟಕ್ಕೆ ಕೊಡ್ತೀಯಪ್ಪ?" ಮಾವ ಅಂಗಡಿಯ ಹುಡುಗನನ್ನು ಕೇಳುತ್ತಿದ್ದ.

"ಪ್ರೊಸೆಸರ್ ನಾಲ್ಕು ಸಾವಿರ ತಾತ. ಅದಕ್ಕಾಗೋ ಬೋರ್ಡ್ ಬೇಕಂದ್ರೆ ಏಳು."

ಹಳೆಯ ಪ್ರೊಸೆಸರುಗಳ ಕಥೆಯೆಲ್ಲ ಇಷ್ಟೇ. ಅವು ಉಳಿಯುತ್ತವೆ, ಬೋರ್ಡುಗಳು ಉಳಿಯುವುದಿಲ್ಲ, ಉಳಿದವಕ್ಕೆ ಬೇಡಿಕೆ. ಮಾವ ನನ್ನ ಕಡೆ ತಿರುಗಿ, "ಎತ್ತು ಅಗ್ಗ, ನೊಗ ದುಬಾರಿ ಅಂತವ್ನಲ್ಲೋ" ಎಂದು ಹೆಗಲ ಟವೆಲ್ ತೆಗೆದು ಹುಡುಗನ ಕೈ ಮೇಲೆ ಹೊದಿಸಲು ಹೋದ. ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುವುದು ಅವನ ಕಾಲದ ಪದ್ಧತಿ. ಹುಡುಗ ಗಾಬರಿಯಾಗಿ ಕೈ ಎಳೆದುಕೊಂಡು, "ಮೂರೂವರೆ ಕೊಡಿ ಸಾರ್" ಎಂದ.

ಪಕ್ಕದ ಮನೆಯ ಹುಡುಗ ಅಷ್ಟರಲ್ಲಿ ಫೋನಿನಲ್ಲಿ 12100ರ ಬೆಲೆ ನೋಡುತ್ತ ಎದುರಿನ ಅಂಗಡಿಗೆ ದಾಟಿದ್ದ. ನಾನು ಮೂರೂವರೆ ಸಾವಿರ ಎಣಿಸಿದೆ.

"ಮನೇಲಿ ಇದೇ ಒಂದೈತೆ ಅಂದೆ?" ಎಂದ ಮಾವ.

"ಇದೆ ಮಾವ."

ಅವನು ಡಬ್ಬಿಯನ್ನು ತನ್ನ ಕೈಗೆ ತೆಗೆದುಕೊಂಡು, ಆಪರೇಷನ್ ಆಗದ ಕಣ್ಣಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದ.

"ಸರಿ ಬುಡು, ಜೋಡಿ ಕೂಡ್ತು. ಹೊಲ ಎಲ್ಲೈತೆ?"