ಅನುಮತಿ ಮತ್ತು ಆಸರೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಈಗ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದಾನೆ. ವೈದ್ಯರಿಲ್ಲದ ಇನ್ನೆರಡು ಆಸ್ಪತ್ರೆಗಳ ಹೊಣೆಯೂ ಅವನದೇ. "ವೈದ್ಯರು ಸಾಲದಿದ್ದರೆ ಪರಿವೀಕ್ಷಕರಿಗೇ ವಿಶೇಷ ಅನುಮತಿ ಕೊಡಬಾರದೇನಪ್ಪಾ?" ಎಂದೆ. "ಕಾಯಿದೆಯಲ್ಲಿ ಅನುಮತಿಗೆ ಅವಕಾಶ ಇದೆ ಸರ್, ಆದರೆ ಅದಕ್ಕೊಂದು ಗೆರೆಯೂ ಇದೆ" ಎಂದ.

ಅವನು ವಿವರಿಸಿದ್ದು ಇಷ್ಟು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯಿದೆಯ 30ನೆಯ ಪ್ರಕರಣದಂತೆ ನೋಂದಾಯಿತ ಪಶುವೈದ್ಯರು ಮಾತ್ರ ಸರ್ಕಾರಿ ಸಂಸ್ಥೆಗಳಲ್ಲಿ ವೈದ್ಯರ ಹುದ್ದೆ ಹೊಂದಬಹುದು, ಚಿಕಿತ್ಸೆ ನೀಡಬಹುದು. ಆದರೆ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಪರಿವೀಕ್ಷಕರಿಗೆ, ಜಾನುವಾರು ಸಹಾಯಕರಿಗೆ ರಾಜ್ಯ ಸರ್ಕಾರವು ಆದೇಶ ಹೊರಡಿಸಿ ಕಿರು ಸೇವೆಗಳಿಗೆ ಅನುಮತಿ ನೀಡಬಹುದು: ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯ ಕಟ್ಟುವುದು, ಸರ್ಕಾರ ಸೂಚಿಸುವ ಇತರ ಪ್ರಥಮೋಪಚಾರ. ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ.

ಕೇಳುತ್ತಿದ್ದಂತೆ 1996ರ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಕರು ಹಾಕಿದ ಮರುದಿನ ನಮ್ಮ ಗೌರಿ ಕೊಟ್ಟಿಗೆಯಲ್ಲಿ ಕುಸಿದಿತ್ತು. ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿತ್ತು. ಅದು ಹಾಲು ಜ್ವರ; ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬರುವಂಥದು. ನಮ್ಮೂರ ಆಸ್ಪತ್ರೆಗೆ ಆಗ ವೈದ್ಯರಿರಲಿಲ್ಲ. ಓಡಿ ಬಂದ ಪರಿವೀಕ್ಷಕರು ಕೈಮುಗಿದು ಹೇಳಿದರು: "ಮೇಷ್ಟ್ರೇ, ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುವುದು ಡಾಕ್ಟರ ಕೆಲಸ. ಸ್ವಲ್ಪ ಬೇಗ ಹರಿದರೂ ಹಸುವಿನ ಹೃದಯ ನಿಂತುಬಿಡುತ್ತದೆ. ಕೇಳೋಣವೆಂದರೆ ಡಾಕ್ಟರು ಸಿಗುತ್ತಿಲ್ಲ." ಹೊಣೆ ಹೊತ್ತಿದ್ದ ವೈದ್ಯರು ದೂರದ ಹಳ್ಳಿಯಲ್ಲಿದ್ದರು. ಅವರು ತಲುಪುವ ಮೊದಲೇ ಗೌರಿ ಕಣ್ಣು ಮುಚ್ಚಿತು. ನೆರೆದವರೆದುರು ನಾನು ಆ ಪರಿವೀಕ್ಷಕರನ್ನು "ಹೇಡಿ" ಎಂದು ಜರೆದೆ.

ಆದರೆ ನಾನೂ ಒಮ್ಮೆ ಅವರಂತೆಯೇ ಇದ್ದವನು. 1983ರಲ್ಲಿ, ಬಿ.ಎಡ್. ಮಾಡುವ ಮೊದಲು, ಒಂದು ವರ್ಷ ತಾತ್ಕಾಲಿಕ ಶಿಕ್ಷಕನಾಗಿದ್ದೆ. ಮುಖ್ಯೋಪಾಧ್ಯಾಯರು ಪ್ರತಿ ಶನಿವಾರ ಕೊನೆಯ ಬೆಂಚಿನಲ್ಲಿ ಕುಳಿತು ನನ್ನ ಪಾಠ ಕೇಳುತ್ತಿದ್ದರು; ತಪ್ಪಿದ್ದರೆ ಆಮೇಲೆ ಏಕಾಂತದಲ್ಲಿ ತಿದ್ದುತ್ತಿದ್ದರು. ಆ ಆಸರೆ ಇದ್ದುದರಿಂದಲೇ ಧೈರ್ಯವಾಗಿ ಪಾಠ ಮಾಡಿದೆ. ಪರಿವೀಕ್ಷಕರ ಬೆನ್ನಿಗೆ ಅಂದು ಯಾರಿದ್ದರು?

ಕೊರತೆಯ ಕಾಲದಲ್ಲಿ ವಿಶೇಷ ಅನುಮತಿ ಬೇಕೇ ಬೇಕು. ಆದರೆ ಮೇಲ್ವಿಚಾರಣೆ ಮಾಡಬೇಕಾದ ವೈದ್ಯನ ಕುರ್ಚಿಯೇ ಖಾಲಿಯಿದ್ದರೆ, ಆ ಅನುಮತಿ ಕೆಳಗಿನವನ ತಲೆಯ ಮೇಲೆ ಹೊರಿಸಿದ ಹೊರೆಯಷ್ಟೇ. ತನ್ನ ಗೆರೆಯನ್ನು ಅರಿತು ನಿಂತವನನ್ನು ಹೇಡಿಯೆಂದದ್ದು ನನ್ನ ತಪ್ಪು.

ಅವರು ನಿವೃತ್ತರಾಗಿ ಊರು ಬಿಟ್ಟು ಬಹಳ ವರ್ಷಗಳಾದವು. ಅವರ ಮಗಳು ನನ್ನ ತರಗತಿಯಲ್ಲಿ ಓದಿದವಳು. ಅಮ್ಮಾ, ಇದನ್ನು ನೀನು ಓದಿದರೆ, ನಿನ್ನ ತಂದೆಯವರಿಗೆ ಮೇಷ್ಟ್ರು ಕ್ಷಮೆ ಕೇಳಿದರೆಂದು ತಿಳಿಸು.