ಕರಿಕಲ್ಲಿನಿಂದ ಕೆಂಪುಕಲ್ಲಿಗೆ

ನಮ್ಮ ಮನೆಯಲ್ಲೊಂದು ಸುತ್ತಿಗೆ ಇದೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಚೂಪು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಭೂವಿಜ್ಞಾನದ ಪ್ರವಾಸಕ್ಕೆಂದು ಕೊಂಡದ್ದು. ಆಮೇಲೆ ನಮಗೆ ಕೇಂದ್ರ ಸರಕಾರದ ಗುಮಾಸ್ತಿಕೆ ಸಿಕ್ಕಿತು, ನೌಪಾಡಾದಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು, ಸುತ್ತಿಗೆಗೆ ತೆಂಗಿನಕಾಯಿ ಒಡೆಯುವ ಹುದ್ದೆಗೆ ಬಡ್ತಿಯೂ ಸಿಕ್ಕಿತು. ಬಡ್ತಿಯ ಮಾತಿನಲ್ಲಿ ಅದು ನಮಗಿಂತ ಮುಂದೆ.

ಈ ದೀಪಾವಳಿಗೆ ಮುಂಚೆ ನಮ್ಮಾಕೆಯ ಅಣ್ಣ ಐಸ್‌ಲ್ಯಾಂಡಿನಿಂದ ಚಿತ್ರಗಳನ್ನು ಕಳಿಸಿದ್ದರು. ಆ ದ್ವೀಪವನ್ನು ಸುತ್ತುವ ರಸ್ತೆ 1,300 ಕಿಲೋಮೀಟರಿಗೂ ಹೆಚ್ಚು ಉದ್ದವಂತೆ. ಒಂದು ಕಡೆ ಹಿಮನದಿ, ಇನ್ನೊಂದು ಕಡೆ ಹೊಗೆಯಾಡುವ ಜ್ವಾಲಾಮುಖಿ, ನಡುವೆ ನಮ್ಮ ಭಾವನವರ ಮಕ್ಕಳು ಕೆಂಪು ಟೊಪ್ಪಿಗೆ ಹಾಕಿಕೊಂಡು ನಿಂತಿದ್ದಾರೆ. 2010ರಲ್ಲಿ ಬೂದಿ ಕಾರಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕೆ ಕೂಡಿಸಿದ್ದು ಅಲ್ಲಿಯದೇ ಒಂದು ಬೆಟ್ಟ. ನಮ್ಮ ಮಗ, ಹದಿಮೂರರವ, ಚಿತ್ರ ನೋಡಿ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅದೇ ವಾರ ಶಾಲೆಯ ಅರ್ಜಿಯೊಂದರಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಅವನು ‘ಆಫೀಸರ್’ ಎಂದು ಬರೆದಿದ್ದ. ನಾವು ಅದನ್ನು ಕಂಡು ಸುಮ್ಮನೆ ಸಹಿ ಮಾಡಿದ್ದೆವು.

“ನಾವೂ ಲಾವಾ ನೋಡೋಣ, ಊರಿಗೆ ಕಾರಿನಲ್ಲೇ ಹೋಗೋಣ” ಎಂದೆವು. ಊರಿಗೆ ಹೋಗುವುದಂತೂ ಇತ್ತೇ ಇತ್ತು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಬಾದಾಮಿ ತಾಲೂಕಿನ ಆ ಮನೆಯಲ್ಲಿ ಅವ್ವ ಒಬ್ಬಳೇ. ಮನೆಗೆ ಗಿರಾಕಿ ಬಂದಿತ್ತು. ಅವ್ವ ಬೇಡವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. “ನಿನಗ ತಿಳದಂಗ ಮಾಡಪಾ” ಎಂದು ಫೋನಿನಲ್ಲಿ ಹೇಳಿದ್ದಳು. ಸ್ವಂತ ಕಾರಿನ ಪ್ರಯಾಣಕ್ಕೆ ಎಲ್.ಟಿ.ಸಿ. ಸಿಗುವುದಿಲ್ಲವೆಂದು ನಮ್ಮಾಕೆ ನೆನಪಿಸಿದಳು. ಅದು ನಮಗೆ ಗೊತ್ತಿಲ್ಲವೆ? ಆ ಬಿಲ್ಲುಗಳನ್ನು ಪಾಸು ಮಾಡುವ ಟೇಬಲ್ಲಿನಲ್ಲೇ ನಾವು ಆರು ವರ್ಷ ಕೂತಿದ್ದೇವೆ.

ಬೆಳಗಿನ ಐದಕ್ಕೆ ಗೋಖಲೆ ರಸ್ತೆ ಖಾಲಿಯಿತ್ತು. ಹಳೆಯ ಮಾರುತಿಯಲ್ಲಿ ನಾವು ನಾಲ್ವರು, ಒಂದು ಡಬ್ಬಿ ಚಕ್ಕುಲಿ, ಸುತ್ತಿಗೆ. ಮುಂಬ್ರಾದ ಬಳಿ ಬೆಳಕು ಹರಿಯುವಾಗ ಪಾರ್ಸಿಕ್ ಗುಡ್ಡ ತೋರಿಸಿ, “ಇದೇ ಲಾವಾ” ಎಂದೆವು. ಮಕ್ಕಳು ನಕ್ಕರು. ಆ ಗುಡ್ಡವನ್ನು ಕೊರೆದು 1916ರಲ್ಲಿ ರೈಲು ಬಿಟ್ಟ ಸುರಂಗ ಅವರಿಗೆ ಗೊತ್ತು. ಅದು ಒಂದು ಕಾಲಕ್ಕೆ ಕುದಿಯುತ್ತ ಹರಿದ ಕಲ್ಲೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದಿನಾ ರೈಲಿನಲ್ಲಿ ಓಡಾಡುವ ನಮಗೇ ಅದು ಮರೆತುಹೋಗಿತ್ತೆಂದರೆ ಅವರನ್ನೇಕೆ ದೂರಬೇಕು?

ಖಂಡಾಳೆಯಲ್ಲಿ ಹಳೆಯ ರಸ್ತೆ ಹಿಡಿದೆವು. ಎಕ್ಸ್‌ಪ್ರೆಸ್ ವೇಯಲ್ಲಿ ನಿಲ್ಲಲು ಬಿಡುವುದಿಲ್ಲ. ಎದುರಿನ ಕಣಿವೆಯ ಗೋಡೆಯಲ್ಲಿ ಅಡ್ಡಡ್ಡ ಪದರುಗಳು ಚೊಕ್ಕವಾಗಿ ಕಾಣುತ್ತಿದ್ದವು. “ಜ್ವಾಲಾಮುಖಿ ಎಲ್ಲಿ?” ಎಂದಳು ಮಗಳು. ಅವಳ ಪುಸ್ತಕದಲ್ಲಿ ಅದು ತುದಿಯಲ್ಲಿ ತೂತಿರುವ ಗೋಪುರ. ಇಲ್ಲಿ ಅಂಥ ಗೋಪುರವಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲವೇ ಉದ್ದುದ್ದ ಬಿರಿದು, ಆ ಬಿರುಕುಗಳಿಂದ ಲಾವಾ ಉಕ್ಕಿ ಬಯಲಿನ ಮೇಲೆ ಹರಿಯಿತು. ಆರಿತು, ಮತ್ತೆ ಹರಿಯಿತು. ಕಟಿರೊಟ್ಟಿ ಒಂದರ ಮೇಲೊಂದು ಒಟ್ಟಿದ ಹಾಗೆ. ಈ ಸಹ್ಯಾದ್ರಿಯಲ್ಲಿ ಆ ಒಟ್ಟಿಲು ಎರಡು ಕಿಲೋಮೀಟರಿಗೂ ಮಿಕ್ಕಿ ದಪ್ಪವಿದೆ. ಇಂದು ಉಳಿದಿರುವ ಹರವು ಸುಮಾರು 5 ಲಕ್ಷ ಚದರ ಕಿಲೋಮೀಟರು. ಇದಕ್ಕೆ ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಅಂದರೆ ಬೋನಲ್ಲ, ಸ್ವೀಡಿಷ್ ಭಾಷೆಯ ಮೆಟ್ಟಿಲು. ರಸ್ತೆಬದಿಯ ಕಲ್ಲಿನ ಗುಳ್ಳೆಗಳಲ್ಲಿ ಬಿಳಿಯ ಹರಳು ತುಂಬಿದ್ದನ್ನು ಸುತ್ತಿಗೆಯಿಂದ ಒಡೆದು ತೋರಿಸಿದೆವು. ಲಾವಾದಲ್ಲಿದ್ದ ಗಾಳಿಗುಳ್ಳೆಯೊಳಗೆ ನೀರಿಳಿದು ಬೆಳೆದ ಜಿಯೋಲೈಟ್. ಮಗ ಅದನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡ.

ಕಾರ್ಲೆಯ ಗುಹೆಗೆ ಮೆಟ್ಟಿಲು ಹತ್ತುವಾಗ ಏಕವೀರೆಯ ಜಾತ್ರೆಯೇ ನೆರೆದಿತ್ತು. ನಮ್ಮ ಠಾಣೆಯ ಕಡೆಯ ಕೋಳಿ, ಆಗರಿ ಜನಕ್ಕೆ ಆಕೆ ಮನೆದೇವರು. ದೇವಿಗೆ ಕೈಮುಗಿದು ಪಕ್ಕದ ಚೈತ್ಯದೊಳಗೆ ಕಾಲಿಟ್ಟರೆ ಒಮ್ಮೆಗೇ ತಂಪು. ಲಾವಾವನ್ನೇ ಕೊರೆದು ಮಾಡಿದ ಆ ದೊಡ್ಡ ಹಜಾರದಲ್ಲಿ ಮರದ ತೊಲೆಗಳು ಎರಡು ಸಾವಿರ ವರ್ಷದಿಂದ ಹಾಗೇ ನಿಂತಿವೆ. ಕನ್ನಡಿಗರು ತಪ್ಪದೆ ನೋಡಬೇಕಾದ ಬ್ರಾಹ್ಮೀ ಶಾಸನವೊಂದು ಅಲ್ಲಿದೆ. ವೈಜಯಂತಿಯ ಭೂತಪಾಲ ಎಂಬ ಶೆಟ್ಟಿ ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದನೆಂದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿ. ಆತನ ಜಂಬವನ್ನು ಕ್ಷಮಿಸಬಹುದು. ಊರು ಬಿಟ್ಟು ಬಂದವರು ಊರಿನ ಹೆಸರನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲೇ ಬರೆಸುತ್ತಾರೆ.

ಅಲ್ಲಿ ಮೆಟ್ಟಿಲ ಮೇಲೆ ಕೂತು ಚಕ್ಕುಲಿ ತಿನ್ನುವಾಗ ಮಗ ಕೇಳಿದ: “ಅಪ್ಪಾ, ಇಷ್ಟೆಲ್ಲಾ ಗೊತ್ತಿದ್ದರೂ ನೀ ಯಾಕ ಇದನ್ನ ಮಾಡಲಿಲ್ಲ?”

ಆ ಪ್ರಶ್ನೆಗೆ ತಯಾರಾಗಿರಲಿಲ್ಲ ನಾವು. ಡಿಗ್ರಿ ಮುಗಿದಾಗ ನಮ್ಮ ಕಡೆ ಸಾಲಾಗಿ ಬರ. ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಅದೇ ಹೊತ್ತಿಗೆ ಗುಮಾಸ್ತಿಕೆಯ ಪರೀಕ್ಷೆಯಲ್ಲಿ ಪಾಸಾದ ಕಾಗದವೂ ಬಂತು. ಅಪ್ಪ ಎರಡೂ ಕಾಗದ ನೋಡಿ ಏನೂ ಹೇಳಲಿಲ್ಲ, ಎತ್ತು ಮಾರಲು ಕೆರೂರ ಸಂತೆಗೆ ಹೊರಟರು. ನಾವು ಮುಂಬಯಿಯ ರೈಲು ಹತ್ತಿದೆವು. ಇಷ್ಟನ್ನೇ ಹೇಳಿದೆವು. ಮಗ ಮುಂದೆ ಕೇಳಲಿಲ್ಲ. ಇಳಿಯುವಾಗ ಸುತ್ತಿಗೆಯ ಚೀಲ ಅವನ ಹೆಗಲಿನಲ್ಲಿತ್ತು.

“ಹಿಮನದಿ?” ಎಂದು ಕೊಲ್ಲಾಪುರದ ಲಾಡ್ಜಿನಲ್ಲಿ ಮಲಗುವ ಮುಂಚೆ ಮಗಳ ತಗಾದೆ. ಅದನ್ನು ಈ ಸಲ ಬಾಯಿಮಾತಿನಲ್ಲೇ ತೋರಿಸಬೇಕಾಯಿತು. ಸುಮಾರು 30 ಕೋಟಿ ವರ್ಷಗಳ ಹಿಂದೆ ನಮ್ಮ ದೇಶ ದಕ್ಷಿಣ ಧ್ರುವದ ಕಡೆ ಇತ್ತು. ಮೇಲೆ ಹಿಮದ ಹೊದಿಕೆ. ಒಡಿಶಾದ ತಾಲ್ಚೇರದಲ್ಲಿ ಮಣ್ಣಿನಲ್ಲಿ ಹುದುಗಿದ ದೊಡ್ಡ ದೊಡ್ಡ ಗುಂಡುಗಳನ್ನು ಕಂಡು, ಇದು ಹಿಮದ ಕೆಲಸವೆಂದು ಬ್ಲ್ಯಾನ್‌ಫರ್ಡ್ ಸೋದರರೂ ಅವರ ಜತೆಯವರೂ 1856ರಲ್ಲೇ ಬರೆದರು. ನಮ್ಮ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಹಿಮ ಉಜ್ಜಿ ಗೀಚಿದ ಸುಣ್ಣಕಲ್ಲು ಇದೆ. ಬೇಸಿಗೆಯಲ್ಲಿ ಟಿ.ವಿ.ಯವರು ದಿನಾ ಹೆಸರು ಹೇಳುವ ಆ ಕಾದ ಬಾಣಲೆ ಚಂದ್ರಪುರದಲ್ಲಿ ಹಿಮ! ಮಗಳು ನಂಬಲಿಲ್ಲ.

ಮರುದಿನ ನಿಪ್ಪಾಣಿ ದಾಟಿ, ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗೋಕಾಕದ ದಾರಿ ಹಿಡಿದೆವು. ಅಲ್ಲಿಯವರೆಗೆ ಠಾಣೆಯಿಂದ ಬರೀ ಕರಿಕಲ್ಲು. ಗೋಕಾಕದಲ್ಲಿ ಘಟಪ್ರಭೆ ಧುಮುಕುವ ಬಂಡೆ ಮಾತ್ರ ಬೇರೆಯೇ, ಕೆಂಪುಛಾಯೆಯ ಮರಳುಗಲ್ಲು. ಲಾವಾ ಹರಿದು ಬಂದು ಸುಸ್ತಾದ ಅಂಚು ಇದು. ಆ ಮರಳುಗಲ್ಲು ಲಾವಾಕ್ಕಿಂತ ಎಷ್ಟೋ ಪಾಲು ಹಳೆಯದು. “ಇಲ್ಲಿಂದ ನಮ್ಮ ಕಲ್ಲು” ಎಂದುಬಿಟ್ಟೆವು. ಭೂವಿಜ್ಞಾನದಲ್ಲಿ ಹೀಗೆ ಮಾತಾಡಬಾರದು.

ಊರಿನ ವಿಷಯ ಹೆಚ್ಚು ಬರೆಯುವುದಿಲ್ಲ. ನೋಂದಣಿ ಕಚೇರಿಯಲ್ಲಿ ಅರ್ಧ ದಿನ ಕಾದೆವು. ಕಾಯಿಸುವುದು ನಮ್ಮದೂ ಕಸುಬಾದ್ದರಿಂದ ಸಿಟ್ಟು ಬರಲಿಲ್ಲ. ಅವ್ವ ಹೆಬ್ಬೆಟ್ಟು ಒತ್ತಿ ಸೆರಗಿಗೆ ಒರೆಸಿಕೊಂಡಳು. ಮಕ್ಕಳಿಗೆ ಬಾದಾಮಿಯ ಗುಹೆ ತೋರಿಸಿ ತಂದೆವು. ಮೂರನೆಯ ಗುಹೆ ಮಂಗಲೇಶ 578ರಲ್ಲಿ ಮಾಡಿಸಿದ್ದು. ನಾವು ಸಂಜೆ ಹಿತ್ತಲಿಗೆ ಹೋದರೆ ಮಗ ಅರಿವೆ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಎರಡು ಗೇಣು ಅಗಲದ ಕೆಂಪು ಹಾಸುಗಲ್ಲು, ಮೇಲೆ ಸಾಲುಸಾಲು ಏರಿಳಿತ.

“ಇದು ನೀರಿನ ಅಲೆ ಅಲ್ಲ?” ಎಂದ.

ನಿಜ. ಆಳವಿಲ್ಲದ ನೀರು ಮರಳಿನ ಮೇಲೆ ಬಿಟ್ಟ ಗುರುತು, ಮರಳಿನ ಜತೆಗೇ ಕಲ್ಲಾದದ್ದು. ಅದನ್ನು ನೋಡಿಯೇ ನಾವು ಭೂವಿಜ್ಞಾನ ತೆಗೆದುಕೊಂಡದ್ದು. ಅವ್ವ ಬಾಗಿಲಲ್ಲಿ ನಿಂತು, “ನಿಮ್ಮಜ್ಜ ಗುಡ್ಡದಿಂದ ಹೊತ್ತು ತಂದಿದ್ದ. ಅರಿವಿ ತಿಕ್ಕಾಕ ಛಲೋ ಬರತೈತಿ” ಎಂದಳು.

ಕಲ್ಲು ಕಾರಿನ ಡಿಕ್ಕಿ ಸೇರಿತು. ಅವ್ವ ಮುಂದಿನ ಸೀಟಿನಲ್ಲಿ. ಕೆರೂರು, ಲೋಕಾಪುರ, ಗೋಕಾಕ ಯಾವುದಕ್ಕೂ ಅವಳು ಬಾಯಿ ತೆರೆಯಲಿಲ್ಲ. ನಿಪ್ಪಾಣಿ ಹತ್ತಿರಾದಾಗ ಕಿಟಕಿಯ ಹೊರಗೆ ಕೈಮಾಡಿ ಮೊಮ್ಮಗನಿಗೆ ಹೇಳಿದಳು: “ನಮ್ಮ ಮನಿ ಸುತ್ತಲ್ದು ಮಸಾರಿ. ಇದು ನೋಡು, ಎರಿ. ಬಿಳಿಜೋಳ ಇದರಾಗ ಬರೀ ಇಬ್ಬನಿ ಮ್ಯಾಲೆ ಬೆಳಿತೈತಿ.” ಎರೆ ಮಣ್ಣು ಕರಿಕಲ್ಲು ಕರಗಿ ಆದದ್ದೆಂದು ನಾವು ವಿವರಿಸಹೊರಟೆವು. “ಅಪ್ಪಾ, ಅಜ್ಜಿ ಹೇಳ್ಲಿ” ಎಂದ ಮಗ. ಸಾತಾರೆಯವರೆಗೆ ಅವ್ವನೇ ಹೇಳಿದಳು: ಯಾವ ಹೊಲಕ್ಕೆ ಎಷ್ಟು ಮಳೆ, ಯಾವ ಮಣ್ಣು ಕಾಲಿಗೆ ಅಂಟುತ್ತದೆ, ಯಾವ ಬಾವಿಯ ನೀರು ಸವುಳು. ಬಿ.ಎಸ್ಸಿ.ಯಲ್ಲಿ ಇದು ಇರಲಿಲ್ಲ.

ಈಗ ಕಲ್ಲು ನೌಪಾಡಾದ ನಮ್ಮ ಬಾಲ್ಕನಿಯಲ್ಲಿದೆ. ಬಾಲ್ಕನಿಗೆ ಭಾರವಾಗುತ್ತದೆಂದು ಸೊಸೈಟಿಯವರು ಒಮ್ಮೆ ಬಂದು ನೋಡಿ ಹೋದರು. ವಾಷಿಂಗ್ ಮಷೀನು ಇದ್ದರೂ ಅವ್ವ ತನ್ನ ಸೀರೆಯನ್ನು ಅದರ ಮೇಲೇ ಒಗೆಯುತ್ತಾಳೆ. ಮೊನ್ನೆ ನೀರು ಹಿಂಡುತ್ತ, “ಸಂಕ್ರಾಂತಿಗೆ ಊರಿಗೆ ಹೋಗೂಣೇನೋ?” ಎಂದು ಕೇಳಿದಳು. ನಾವು ಡಬ್ಬಿ ತೆಗೆದುಕೊಂಡು ಎಂಟು ಹನ್ನೆರಡರ ಲೋಕಲ್ಲಿಗೆ ಹೊರಟೆವು.