ಲಾಳಿ, ಗಿಟಾರು, ಪೇಟಿ

ಬನಹಟ್ಟಿಯಲ್ಲಿ ಬೆಳೆದವರಿಗೆ ಸದ್ದಿನ ಪರಿಚಯ ಮಾಡಿಸಬೇಕಾಗಿಲ್ಲ. ಮನೆಯ ಹಿಂದೆಯೇ ಪಾವರ್‌ಲೂಮ್ ಶೆಡ್ಡು. ಲಾಳಿ ಅತ್ತಿಂದಿತ್ತ ಬಡಿಯುವ ಖಟಪಟದಲ್ಲೇ ನಾವು ಮಲಗಿದ್ದೇವೆ, ಓದಿದ್ದೇವೆ, ಬೈಸಿಕೊಂಡಿದ್ದೇವೆ. ಶೆಡ್ಡಿನೊಳಗೆ ಮಾತೆಲ್ಲ ತುಟಿ ನೋಡಿ, ಕೈಸನ್ನೆ ನೋಡಿ. ಕರೆಂಟು ಹೋದಾಗಷ್ಟೇ ಓಣಿಗೆ ತಟ್ಟನೆ ಕಿವಿ ಬರುತ್ತಿತ್ತು. ಯಾರದೋ ಮನೆಯ ಭಜನೆ, ಯಾರದೋ ಜಗಳ, ಎರಡೂ ಒಟ್ಟಿಗೇ ಕೇಳುತ್ತಿದ್ದವು. ಈಗ ಕರೆಂಟು ಅಷ್ಟಾಗಿ ಹೋಗುವುದಿಲ್ಲ. ಇದರಿಂದ ಓಣಿಯ ಸಂಗೀತಕ್ಕಾದ ನಷ್ಟವನ್ನು ಯಾವ ಇಲಾಖೆಯೂ ಲೆಕ್ಕ ಹಿಡಿದಿಲ್ಲ.

ಓದಲೆಂದು ಬೆಂಗಳೂರಿಗೆ ಹೋದಾಗ ಹಾಸ್ಟೆಲಿನ ಗೆಳೆಯರು ‘ಸ್ವರಾತ್ಮ’ದ ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದರು. ‘ಭಾಳ ವಿಚಿತ್ರ ಬ್ಯಾಂಡು, ಗಾಬರಿಯಾಗಬೇಡ’ ಎಂದು ದಾರಿಯಲ್ಲೇ ಹೇಳಿಟ್ಟಿದ್ದರು. ದೀಪ ಹತ್ತಿತು, ಪಿಟೀಲು ಕೊರೆಯಿತು, ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುತ್ತ ಬಂದರು. ಮುಂದೆ ಕುದುರೆಯ ಮೋರೆ, ಹಿಂದೆ ಬಾಲ, ನಡುವೆ ಹಾಡುಗಾರ. ಸುತ್ತಲಿನ ಹುಡುಗರು ಹುಚ್ಚೆದ್ದರು. ಅಯ್ಯೋ, ಇದು ಕೀಲುಕುದುರೆ! ಜಾತ್ರೆಯ ಮೆರವಣಿಗೆಯಲ್ಲಿ ಇದರ ಬಾಲ ಎಳೆದು ಏಟು ತಿಂದವನು ನಾನು. ನನಗೆ ವಿಚಿತ್ರ ಕಂಡದ್ದು ಬೇರೆಯೇ: ಸುಮಾರು ಒಂದೂವರೆ ತಾಸಿಗೆ ಎಲ್ಲ ಕಟ್ಟಿ ಎದ್ದುಬಿಟ್ಟರು. ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತದಲ್ಲಿ ಅಷ್ಟು ಹೊತ್ತಿಗೆ ಗೊಲ್ಲತಿ ತಲೆಮೇಲಿನ ಗಡಿಗೆಯನ್ನೇ ಇಳಿಸಿರುವುದಿಲ್ಲ.

ಆದರೂ ಆ ರಾತ್ರಿ ಕಿವಿಯಲ್ಲಿ ಉಳಿದದ್ದು ಕುದುರೆಯಲ್ಲ, ಡ್ರಮ್ಮು. ಮಾಂಟ್ರಿ ಮ್ಯಾನುಯೆಲ್ ಕೈಯೆತ್ತಿ ಬಾರಿಸತೊಡಗಿದರೆ ನಮ್ಮ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ಸುರುವಾದಂತಿತ್ತು. ಊರು ಬಿಟ್ಟ ಮೇಲೆ ಮೊದಲ ಸಲ ನಿದ್ದೆ ಚೆನ್ನಾಗಿ ಬಂತು. ಇದನ್ನು ಹೊಗಳಿಕೆ ಎಂದೇ ಹೇಳುತ್ತಿದ್ದೇನೆ.

ಆಮೇಲೆ ಅವರ ಬೆನ್ನು ಹತ್ತಿದೆ. ಬ್ಯಾಂಡು ಹುಟ್ಟಿದ್ದು 2002ರಲ್ಲಿ. 2006ರಲ್ಲಿ ರೇಡಿಯೊ ಸಿಟಿಯ ಸ್ಪರ್ಧೆ ಗೆದ್ದ ಮೇಲೆ ಹೆಸರು ಹಬ್ಬಿತು. 2009ರಲ್ಲಿ ತಮ್ಮದೇ ಹೆಸರಿನ ಮೊದಲ ಆಲ್ಬಮ್. ಅದೇ ಹೊತ್ತಿಗೆ ಬ್ರಿಟಿಷ್ ಕೌನ್ಸಿಲ್ಲಿನ ‘ಸೌಂಡ್‌ಪ್ಯಾಡ್’ ಯೋಜನೆಗೆ ಆಯ್ಕೆಯಾದ ನಾಲ್ಕು ಭಾರತೀಯ ಬ್ಯಾಂಡುಗಳಲ್ಲಿ ಇವರದೂ ಒಂದು. ಧ್ವನಿಮುದ್ರಣ ಮಾಡಿಸಿದವರು ಜಾನ್ ಲೆಕ್ಕಿ. ರೇಡಿಯೊಹೆಡ್ ತಂಡದ 1995ರ ‘ದ ಬೆಂಡ್ಸ್’ ಆಲ್ಬಮ್ಮಿನ ನಿರ್ಮಾಪಕ. ಕೀಲುಕುದುರೆ ಹೀಗೆ ಸೀಮೋಲ್ಲಂಘನ ಮಾಡಿತು. 2012ರಲ್ಲಿ ರಾಜಕಾರಣಿಗಳನ್ನು ಗೇಲಿ ಮಾಡುವ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’.

ಮೊದಲ ಆಲ್ಬಮ್ಮಿನ ‘ಪ್ಯಾಸಿ’ಯಲ್ಲಿ ಕಾವೇರಿಯೇ ಮಾತಾಡುತ್ತಾಳೆ: ಎರಡು ರಾಜ್ಯ ತನ್ನ ಮೇಲೆ ಬಡಿದಾಡುವಾಗ ತಾನೇ ಬಾಯಾರಿದವಳು. ಒಳ್ಳೆಯ ಹಾಡು. ನಮ್ಮ ಜಮಖಂಡಿ ಸೀಮೆಯವರಿಗೆ ಮಾತ್ರ ಅದು ಅರ್ಧ ಕಥೆ. ಇಲ್ಲಿ ಕೃಷ್ಣೆ ಬೇಸಿಗೆಯಲ್ಲಿ ಬತ್ತಿದಾಗ ರೈತರು ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಕೂಡಿಸಿ, ಕಲ್ಲು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಬ್ಯಾರೇಜು ಕಟ್ಟಿಬಿಟ್ಟರು. ಅದರ ಮೇಲೊಂದು ರಾಕ್ ಹಾಡು ಬಂದಿದ್ದರೆ! ಗೋಳಿಗೆ ಸಿಗುವಷ್ಟು ರಾಗಗಳು ಗೆಯ್ಮೆಗೆ ಯಾಕೋ ಸಿಗುವುದಿಲ್ಲ.

‘ಈ ಭೂಮಿ’ಯಂಥ ಕನ್ನಡ ಹಾಡು ಕೊಟ್ಟವರು ಹಿಂದಿಯಲ್ಲೇ ಹೆಚ್ಚು ಹಾಡಿದರಲ್ಲ ಎಂಬ ತಕರಾರು ನನಗೂ ಇತ್ತು. ಬೀಳಗಿಯ ಅಮೀರಬಾಯಿ ನೆನಪಾದ ಮೇಲೆ ಸುಮ್ಮನಾದೆ. ಆಕೆಯೂ ಈ ಮಣ್ಣಿನಿಂದಲೇ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ನಲ್ಲಿ ಹಿಂದಿಯಲ್ಲಿ ಹಾಡಿ, ದೇಶಕ್ಕೆಲ್ಲ ಅಮೀರಬಾಯಿ ಕರ್ನಾಟಕಿ ಆದವಳು. ಹಾಡಿದ್ದು ಹಿಂದಿಯಾದರೂ ಹೆಸರಿನಿಂದ ಊರು ಕಳಚಲಿಲ್ಲ. ಇನ್ನು ಸ್ವರಾತ್ಮದ ‘ಯೇಶು ಅಲ್ಲಾ ಔರ್ ಕೃಷ್ಣ’ ಹಾಡು ಕೇಳಿ ಬೆಂಗಳೂರಿನ ಗೆಳೆಯರು ಕಣ್ಣೊರೆಸಿಕೊಂಡರು. ಮೊಹರಮ್ಮಿನ ರಾತ್ರಿ ಹಿಂದೂಗಳೇ ರಿವಾಯತ ಹಾಡುತ್ತ ಅಲಾವಿಯ ಬೆಂಕಿಗುಂಡಿಯ ಸುತ್ತ ಹೆಜ್ಜೆ ಹಾಕುವ ಊರಿನಿಂದ ಬಂದವನು ಕಣ್ಣೊರೆಸಿಕೊಳ್ಳಲು ಬೇರೆ ಹಾಡು ಹುಡುಕಬೇಕಾಯಿತು.

ನಿಜವಾಗಿ ನನ್ನನ್ನು ಬೆರಗುಗೊಳಿಸಿದ್ದು ಈ ಬ್ಯಾಂಡಿನವರು ಕೂಡಿ ಉಳಿದದ್ದು. ವಾಸು, ಬಾಸ್ ಗಿಟಾರಿನ ಜಿಷ್ಣು ದಾಸ್‌ಗುಪ್ತ, ತಾಳವಾದ್ಯದ ಪವನ್ ಕುಮಾರ್, ಹೀಗೆ ಮುಖ್ಯ ಮಂದಿ ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ತಿರುಗಿದರು. ನಮ್ಮ ಕಡೆ ಮೇಳ ಒಡೆಯುವುದಕ್ಕೆ ಎರಡೇ ಕಾರಣ: ಪಾತ್ರ, ಪಾಲು. ಅದಕ್ಕೇ ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಈಗಲೂ ಹಿರಿಯರು ಕೈಮುಗಿಯುತ್ತಾರೆ. ಪಾರಿಜಾತದ ಮೇಳ ಕಟ್ಟಿಕೊಂಡು ಊರೂರು ತಿರುಗುವುದು ಎಂಥ ಗಟ್ಟಿ ಜೀವದ ಕೆಲಸ ಎಂಬುದು ಗೊತ್ತಿದ್ದವರ ನಮಸ್ಕಾರ ಅದು.

ನಮ್ಮ ಕಾಕಾ ಲೋಕಾಪುರ ಕಡೆಯ ಒಂದು ಪಾರಿಜಾತ ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ. ಸತ್ಯಭಾಮೆ ಯಾರಾಗಬೇಕೆಂಬ ಜಗಳದಲ್ಲಿ ಆ ಮೇಳ ಮುರಿದುಬಿತ್ತು. ಮುರಿಯುವ ತನಕ ಅವರಲ್ಲಿ ಒಂದು ಕಾನೂನಿತ್ತು: ಬಂದ ರೊಕ್ಕದಲ್ಲಿ ತಲೆಗೊಂದು ಪಾಲು, ಪೇಟಿಗೆ ಬೇರೆ ಅರ್ಧ ಪಾಲು. ಪೇಟಿ ಕಾಕಾನದೇ ಆದ್ದರಿಂದ ಅವನಿಗೆ ಈ ಕಾನೂನಿನ ಮೇಲೆ ಅಪಾರ ಗೌರವ. ರಜೆಗೆ ಬಂದಾಗ ಅವನಿಗೆ ಮೊಬೈಲಿನಲ್ಲಿ ಸ್ವರಾತ್ಮ ತೋರಿಸಿದೆ. ಕನ್ನಡಕ ಏರಿಸಿ, ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ನೋಡಿದ.

‘ಪಿಟೀಲಿನಾಂವ ಶ್ಯಾಣ್ಯಾ ಅದಾನು’ ಅಂದ. ‘ಎಷ್ಟ ಮಂದಿ ಇವರು?’

‘ಆರು ಮಂದಿ, ಕಾಕಾ.’

‘ಹಂಗಾದ್ರ ಆರು ಪಾಲು.’ ತುಸು ಹೊತ್ತು ಪರದೆಯನ್ನೇ ದಿಟ್ಟಿಸಿದ. ‘ಮತ್ತ ಕುದರಿದು?’